ಆಕರದಿಂದ ಕರ್ನಲ್: ಕಟ್ಟುವ ಪದ್ಧತಿಯೂ ಅದರ ತೊಡಕುಗಳ ಚರಿತ್ರೆಯೂ

ಗಣಕಯಂತ್ರದ ಪ್ರೊಸೆಸರ್, ಮೆಮೊರಿ, ಡಿಸ್ಕ್ ಮೊದಲಾದ ಸಾಧನಗಳನ್ನು ನೇರವಾಗಿ ಆಳುತ್ತ, ಉಳಿದೆಲ್ಲ ಪ್ರೋಗ್ರಾಮ್‌ಗಳಿಗೆ ಅವುಗಳನ್ನು ಹಂಚಿಕೊಡುವ ಭಾಗವನ್ನು ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಎಂದು ಕರೆಯುತ್ತಾರೆ. ಮನುಷ್ಯರು ಓದಿ ತಿದ್ದಬಲ್ಲ ರೂಪದಲ್ಲಿರುವ ಅದರ ಪಠ್ಯವೇ ಆಕರ, ಅಂದರೆ ಸೋರ್ಸ್ ಕೋಡ್. ಆ ಪಠ್ಯವನ್ನು ಯಂತ್ರದ ಆದೇಶಗಳಾಗಿ ಮಾರ್ಪಡಿಸುವುದು ಕಂಪೈಲರ್. ಹಾಗೆ ಮಾರ್ಪಟ್ಟ ನೂರಾರು ತುಣುಕುಗಳನ್ನು ಒಂದೇ ಕಡತವಾಗಿ ಜೋಡಿಸುವುದು ಲಿಂಕರ್. ಈ ಕೆಲಸವನ್ನು ತಯಾರಕರಿಗೆ ಬಿಡದೆ ಬಳಕೆದಾರರೇ ತಮ್ಮ ಯಂತ್ರದ ಮೇಲೆ ಮಾಡಿಕೊಳ್ಳುವ ಪದ್ಧತಿ 1990ರ ದಶಕದಲ್ಲಿ ಲಿನಕ್ಸ್ ಎಂಬ ಕರ್ನಲ್‌ನ ಮೂಲಕ ಸಾವಿರಾರು ಜನರ ವಾಡಿಕೆಯಾಯಿತು. ಅದರ ಚರಿತ್ರೆಯನ್ನು ಆವೃತ್ತಿಗಳ ಸಾಲಾಗಿ ಬರೆಯುವುದಕ್ಕಿಂತ, ಕಟ್ಟುವ ಕೆಲಸ ಯಾವ ಕಾಲದಲ್ಲಿ ಎಲ್ಲಿ ಕೆಟ್ಟು ನಿಂತಿತು ಎಂಬುದರ ಜಾಡು ಹಿಡಿದು ಬರೆದರೆ ಹೆಚ್ಚು ಸಂಗತಿಗಳು ತಿಳಿಯುತ್ತವೆ. ಹಾಗೆ ನೋಡಿದಾಗ ಎದ್ದು ಕಾಣುವ ಸಂಗತಿಯೆಂದರೆ, ತೊಡಕುಗಳಲ್ಲಿ ಬಹುಪಾಲು ಕರ್ನಲ್‌ನ ಆಕರದೊಳಗೆ ಹುಟ್ಟಿದವುಗಳಾಗಿರದೆ, ಆಕರಕ್ಕೂ ಅದರ ಸುತ್ತಲಿನ ಕಂಪೈಲರ್, ಗಡಿಯಾರ, ಮೆಮೊರಿ, ಯಂತ್ರ ಏಳುವಾಗ ಕರ್ನಲ್ ಅನ್ನು ಮೆಮೊರಿಗೆ ತರುವ ಬೂಟ್ ಲೋಡರ್‌ಗಳಿಗೂ ನಡುವೆ ಇರುವ ಸಂದುಗಳಲ್ಲಿ ಹುಟ್ಟಿದವುಗಳಾಗಿದ್ದುವು.

ಯಂತ್ರಕ್ಕೆ ತಕ್ಕಂತೆ ಆಪರೇಟಿಂಗ್ ಸಿಸ್ಟಮ್ ಅನ್ನು ಸ್ಥಳದಲ್ಲಿಯೇ ಸಿದ್ಧಪಡಿಸುವ ರೂಢಿ ಲಿನಕ್ಸ್‌ಗಿಂತ ಹಳೆಯದು. 1960ರ ದಶಕದಲ್ಲಿ ಐಬಿಎಂನ ಓಎಸ್/360 ಬಳಸುತ್ತಿದ್ದ ಸಂಸ್ಥೆಗಳು ತಮ್ಮಲ್ಲಿರುವ ಡಿಸ್ಕ್, ಟೇಪು, ಮುದ್ರಣಯಂತ್ರಗಳ ವಿವರ ಕೊಟ್ಟು ಸಿಸ್ಟಮ್ ಜನರೇಷನ್ ಎಂಬ ದೀರ್ಘ ವಿಧಿಯನ್ನು ನಡೆಸಬೇಕಾಗಿತ್ತು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್, 1973ರಲ್ಲಿ ಸಿ ಭಾಷೆಗೆ ಬದಲಾದ ಮೇಲೆ, ಅಲ್ಪ ಶುಲ್ಕಕ್ಕೆ ಆಕರಸಮೇತ ಟೇಪುಗಳಲ್ಲಿ ವಿಶ್ವವಿದ್ಯಾಲಯಗಳಿಗೆ ತಲುಪಿತು. 1956ರ ಒಂದು ನ್ಯಾಯಾಲಯ ಒಪ್ಪಂದದಿಂದಾಗಿ ಬೆಲ್ ಲ್ಯಾಬ್ಸ್‌ನ ಒಡೆತನ ಹೊಂದಿದ್ದ ಎಟಿ ಅಂಡ್ ಟಿ ಕಂಪನಿ ಗಣಕ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣ. 1975ರ ಆರನೆಯ ಆವೃತ್ತಿಯಲ್ಲಿ ಮ್ಕಾನ್ಫ್ ಎಂಬ ಪುಟ್ಟ ಪ್ರೋಗ್ರಾಮ್‌ಗೆ ಸಾಧನಗಳ ಪಟ್ಟಿ ಕೊಟ್ಟರೆ ಅದು ಎರಡು ಕಡತಗಳನ್ನು ಬರೆದುಕೊಡುತ್ತಿತ್ತು. ವ್ಯವಸ್ಥೆಯ ಮುಖ್ಯ ಕಡತಗಳ ರಚನೆಯಾದ ಮೂಲ ಫೈಲ್ ಸಿಸ್ಟಮ್ ಯಾವ ಡಿಸ್ಕಿನಲ್ಲಿದೆ ಎಂಬುದನ್ನು ಅವುಗಳಲ್ಲೊಂದರಲ್ಲಿ ಕೈಯಾರೆ ತಿದ್ದಿ ಕರ್ನಲ್ ಅನ್ನು ಮತ್ತೆ ಕಟ್ಟಬೇಕಾಗಿತ್ತು. ಈ ಒಂದು ಸಂಖ್ಯೆ ತಪ್ಪಿದರೆ ಕಂಪೈಲರ್ ಚಕಾರವೆತ್ತದು, ಯಂತ್ರ ಮಾತ್ರ ಏಳದು. ಮುಂದೆ ಲಿನಕ್ಸ್ ಬಳಕೆದಾರರನ್ನು ಬಹುಕಾಲ ಕಾಡಿದ ತೊಡಕಿನ ಪೂರ್ವರೂಪ ಇಲ್ಲಿಯೇ ಇದೆ.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಈ ಆರನೆಯ ಆವೃತ್ತಿಯ ಕರ್ನಲ್‌ಗೆ ಸಾಲುಸಾಲಾಗಿ ವ್ಯಾಖ್ಯಾನ ಬರೆದು ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಏಳನೆಯ ಆವೃತ್ತಿಯ ಪರವಾನಗಿ ಆಕರವನ್ನು ತರಗತಿಯಲ್ಲಿ ಬೋಧಿಸುವುದನ್ನು ತಡೆದ ಕಾರಣ ಆ ವ್ಯಾಖ್ಯಾನ ಎರಡು ದಶಕಗಳ ಕಾಲ ಕಳ್ಳ ಜೆರಾಕ್ಸ್ ಪ್ರತಿಗಳಲ್ಲಿ ಹರಿದಾಡಿ, 1996ರಲ್ಲಷ್ಟೇ ಅಧಿಕೃತವಾಗಿ ಅಚ್ಚಾಯಿತು. ಇದೇ ಕೊರತೆಯನ್ನು ತುಂಬಲು ಆಮ್‌ಸ್ಟರ್‌ಡ್ಯಾಮ್‌ನ ಆಂಡ್ರ್ಯೂ ಟ್ಯಾನೆನ್‌ಬಾಮ್ 1987ರಲ್ಲಿ ಮಿನಿಕ್ಸ್ ಎಂಬ ಬೋಧನಾ ವ್ಯವಸ್ಥೆಯನ್ನು ರಚಿಸಿದರು.

ಕಟ್ಟುವ ಕೆಲಸದ ಉಪಕರಣಗಳಲ್ಲಿ ಇಂದಿಗೂ ಬದಲಾಗದೆ ಉಳಿದಿರುವುದು ಮೇಕ್. ಬೆಲ್ ಲ್ಯಾಬ್ಸ್‌ನ ಸ್ಟೂಅರ್ಟ್ ಫೆಲ್ಡ್‌ಮನ್ 1976ರಲ್ಲಿ ಇದನ್ನು ಬರೆಯಲು ಪ್ರೇರಣೆಯಾದದ್ದು ಸಹೋದ್ಯೋಗಿ ಸ್ಟೀವ್ ಜಾನ್ಸನ್ ಅವರಿಗಾದ ಒಂದು ಕಿರಿಕಿರಿ: ಅವರು ದೋಷವನ್ನು ಆಗಲೇ ತಿದ್ದಿದ್ದರೂ ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲವಾದ್ದರಿಂದ, ಸರಿಯಾಗಿಯೇ ಇದ್ದ ಪ್ರೋಗ್ರಾಮ್‌ನಲ್ಲಿ ತಪ್ಪು ಹುಡುಕುತ್ತ ಒಂದು ಬೆಳಗನ್ನು ಕಳೆದಿದ್ದರು. ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂಬ ನಿಯಮಗಳನ್ನು ಮೇಕ್‌ಫೈಲ್‌ನಲ್ಲಿ ಓದಿಕೊಂಡು, ಕಡತಗಳು ಕೊನೆಯದಾಗಿ ಬದಲಾದ ಹೊತ್ತನ್ನು ಹೋಲಿಸಿ, ಆಕರ ಹೊಸದಾಗಿದ್ದು ತುಣುಕು ಹಳೆಯದಾಗಿದ್ದರೆ ಮಾತ್ರ ಮತ್ತೆ ಕಂಪೈಲ್ ಮಾಡುವುದು ಇದರ ತತ್ತ್ವ. ಸರಳವಾದ ಈ ತತ್ತ್ವ ಇಡೀ ವ್ಯವಸ್ಥೆಯನ್ನು ಗಡಿಯಾರದ ಕೈಗೆ ಒಪ್ಪಿಸಿತು. ಬ್ಯಾಟರಿ ಸತ್ತು ಗಡಿಯಾರ 1980ಕ್ಕೆ ಹಿಂದೆ ಸರಿದ ಪಿಸಿಯಲ್ಲಿ, ಅಥವಾ ಕಡತಗಳು ಒಂದು ಯಂತ್ರದಲ್ಲಿದ್ದು ಕಂಪೈಲರ್ ಮತ್ತೊಂದರಲ್ಲಿ ನಡೆಯುವ ಜಾಲದಲ್ಲಿ, ಮೇಕ್ ಕಟ್ಟಬೇಕಾದುದನ್ನು ಬಿಟ್ಟುಬಿಡುತ್ತಿತ್ತು, ಇಲ್ಲವೇ ಕಟ್ಟಿದ್ದನ್ನೇ ಮತ್ತೆ ಕಟ್ಟುತ್ತಿತ್ತು. ಗಡಿಯಾರಗಳು ಹೊಂದುತ್ತಿಲ್ಲ, ಕಟ್ಟಿದ್ದು ಅಪೂರ್ಣವಾಗಿರಬಹುದು ಎಂದು ಮೇಕ್‌ನ ಮುಂದಿನ ರೂಪಗಳಲ್ಲೊಂದಾದ ಗ್ನೂ ಮೇಕ್ ಇಂದಿಗೂ ಕೊಡುವ ಎಚ್ಚರಿಕೆಯ ಹಿನ್ನೆಲೆ ಇದು. ಮೇಕ್‌ಫೈಲ್‌ನಲ್ಲಿ ಆದೇಶದ ಸಾಲು ಟ್ಯಾಬ್ ಅಕ್ಷರದಿಂದಲೇ ಆರಂಭವಾಗಬೇಕೆಂಬ, ತಲೆಮಾರುಗಳನ್ನು ಗೋಳುಹೊಯ್ದುಕೊಂಡ ನಿಯಮವನ್ನು ಫೆಲ್ಡ್‌ಮನ್ ಬದಲಿಸದೆ ಬಿಟ್ಟದ್ದಕ್ಕೆ ಕಾರಣ, ಆಗ ಅದನ್ನು ಬಳಸುತ್ತಿದ್ದ ಹತ್ತು ಹನ್ನೆರಡು ಜನರಿಗೆ ತೊಂದರೆಯಾಗಬಾರದೆಂಬ ಸೌಜನ್ಯ. ತಾಂತ್ರಿಕ ಚರಿತ್ರೆಯಲ್ಲಿ ಇಷ್ಟು ದುಬಾರಿಯಾಗಿ ಪರಿಣಮಿಸಿದ ಸೌಜನ್ಯ ಬಹಳ ಇರಲಾರದು.

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಸೆಪ್ಟೆಂಬರಿನಲ್ಲಿ ಹೊರಬಿಟ್ಟ ಲಿನಕ್ಸ್ 0.01ರಲ್ಲಿ ಸುಮಾರು 10,000 ಸಾಲುಗಳಿದ್ದುವು. ಅದು ತನ್ನಷ್ಟಕ್ಕೆ ತಾನು ನಿಲ್ಲುವ ವ್ಯವಸ್ಥೆಯಾಗಿರಲಿಲ್ಲ. ಕಟ್ಟಲು ಮಿನಿಕ್ಸ್ ಇರುವ ಯಂತ್ರವೂ, ರಿಚರ್ಡ್ ಸ್ಟಾಲ್‌ಮನ್ ಅವರ ಗ್ನೂ ಯೋಜನೆ 1987ರಿಂದ ಒದಗಿಸುತ್ತಿದ್ದ ಜಿಸಿಸಿ ಎಂಬ ಕಂಪೈಲರೂ ಬೇಕಾಗಿದ್ದುವು. ಲೇಖಕನ ಸ್ವಂತ ಹಾರ್ಡ್ ಡಿಸ್ಕಿನ ಅಳತೆಗಳು ಮತ್ತು ಫಿನ್‌ಲ್ಯಾಂಡಿನ ಕೀಲಿಮಣೆಯ ವಿನ್ಯಾಸ ಆಕರದಲ್ಲಿಯೇ ಬರೆದಿಟ್ಟವುಗಳಾಗಿದ್ದುದರಿಂದ, ಬೇರೆ ಯಂತ್ರ ಹೊಂದಿದವರು ಮೊದಲು ಆಕರವನ್ನು ತಿದ್ದದೆ ಒಂದು ಹೆಜ್ಜೆಯನ್ನೂ ಇಡುವಂತಿರಲಿಲ್ಲ. 1994ರ ಮಾರ್ಚ್ 14ರಂದು 1.0 ಹೊರಬಂದಾಗ ಸಾಲುಗಳ ಸಂಖ್ಯೆ 1,76,250 ಆಗಿತ್ತು. 2001ರ ಜನವರಿಯ 2.4ರಲ್ಲಿ ಅದು 33 ಲಕ್ಷವನ್ನು ದಾಟಿತು.

ಅಂದಿನ ಬಳಕೆದಾರರು ಕರ್ನಲ್ ಕಟ್ಟುತ್ತಿದ್ದುದು ಕುತೂಹಲಕ್ಕಷ್ಟೇ ಅಲ್ಲ. 4 ಅಥವಾ 8 ಎಂಬಿ ಮೆಮೊರಿಯ ಯಂತ್ರದಲ್ಲಿ ಬೇಡದ ಪ್ರತಿಯೊಂದು ಡ್ರೈವರೂ, ಅಂದರೆ ಒಂದು ಸಾಧನವನ್ನು ನಡೆಸುವ ಕರ್ನಲ್ ಭಾಗವೂ, ಹೊರೆಯಾಗುತ್ತಿತ್ತು. ಸೌಂಡ್ ಕಾರ್ಡಿನ ಇಂಟರಪ್ಟ್ ಸಂಖ್ಯೆಯಂಥ ವಿವರಗಳನ್ನು ಕಂಪೈಲ್ ಮಾಡುವಾಗಲೇ ಕೊಡಬೇಕಾಗಿತ್ತು. ಮೇಕ್ ಕಾನ್ಫಿಗ್ ಎಂಬ ಆದೇಶ ಒಂದೊಂದಾಗಿ ನೂರಾರು ಪ್ರಶ್ನೆಗಳನ್ನು ಕೇಳುತ್ತಿತ್ತು, ಹಿಂದಿನ ಪ್ರಶ್ನೆಗೆ ಮರಳಲು ದಾರಿಯಿರಲಿಲ್ಲ, ನಡುವೆ ಒಂದು ಉತ್ತರ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕಾಗಿತ್ತು. ಅದಾದ ಮೇಲೆ ಅವಲಂಬನೆಗಳನ್ನು ಲೆಕ್ಕಹಾಕುವ ಮೇಕ್ ಡೆಪ್, ಹಳೆಯ ತುಣುಕುಗಳನ್ನು ಅಳಿಸುವ ಮೇಕ್ ಕ್ಲೀನ್, ಸಂಕುಚಿತ ಕರ್ನಲ್ ತಯಾರಿಸುವ ಮೇಕ್ ಜ಼ಡ್‌ಇಮೇಜ್, ಬೇಕಾದಾಗ ಮಾತ್ರ ಸೇರಿಸಿಕೊಳ್ಳುವ ಬಿಡಿಭಾಗಗಳಾದ ಮಾಡ್ಯೂಲ್‌ಗಳಿಗೆ ಇನ್ನೆರಡು ಆದೇಶಗಳು. ಈ ಕ್ರಮದಲ್ಲಿ ಮೇಕ್ ಡೆಪ್ ಮರೆತವರಿಗೆ ದೋಷ ತಕ್ಷಣ ಕಾಣುತ್ತಿರಲಿಲ್ಲ. ಹಲವು ತುಣುಕುಗಳು ಹಂಚಿಕೊಳ್ಳುವ ಶಿರೋಭಾಗದ (ಹೆಡರ್) ಕಡತವೊಂದು ಬದಲಾಗಿದ್ದರೂ ಅದನ್ನು ನೆಚ್ಚಿದ ತುಣುಕು ಹಳೆಯದಾಗಿಯೇ ಉಳಿದು, ಕಟ್ಟಿದ ಕರ್ನಲ್ ಯಾವಾಗಲೋ ಎಲ್ಲೋ ಮುಗ್ಗರಿಸುತ್ತಿತ್ತು. ಜ಼ಡ್‌ಇಮೇಜ್ ಪಿಸಿಯ ಕೆಳಗಿನ 640 ಕೆಬಿ ಮೆಮೊರಿಯಲ್ಲಿ ಹಿಡಿಸಬೇಕಾಗಿದ್ದುದರಿಂದ, ಡ್ರೈವರ್‌ಗಳನ್ನು ಧಾರಾಳವಾಗಿ ಸೇರಿಸಿದವರಿಗೆ ಗಂಟೆಗಟ್ಟಲೆ ಕಾದ ಮೇಲೆ ಕೊನೆಯ ಹಂತದಲ್ಲಿ ಕರ್ನಲ್ ತೀರ ದೊಡ್ಡದಾಯಿತೆಂಬ ಸಂದೇಶ ಎದುರಾಗುತ್ತಿತ್ತು. 1 ಎಂಬಿಗಿಂತ ಮೇಲೆ ತುಂಬಿಸಬಹುದಾದ ಬಿಜ಼ಡ್‌ಇಮೇಜ್ ಬಂದ ಮೇಲೆ ಈ ತೊಡಕು ಮುಗಿಯಿತು.

ಈ ಕಾಲದ ತೊಡಕುಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು, ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳದ್ದು, ಸಿಗ್ನಲ್ 11. ಕಂಪೈಲ್ ನಡೆಯುತ್ತಿರುವಾಗ ಜಿಸಿಸಿ ತಾನೇ ಕುಸಿದು, ತನಗೆ ಮಾರಕವಾದ 11ನೆಯ ಸಿಗ್ನಲ್ ಬಂದಿತೆಂದು ವರದಿ ಮಾಡಿ ನಿಲ್ಲುತ್ತಿತ್ತು. ತನ್ನದಲ್ಲದ ಮೆಮೊರಿ ವಿಳಾಸವನ್ನು ಮುಟ್ಟಲು ಹೋದ ಪ್ರೋಗ್ರಾಮ್‌ಗೆ ಕರ್ನಲ್ ಕಳಿಸುವ ಸಂಕೇತ ಅದು. ಸಹಜವಾಗಿಯೇ ಜನ ಕಂಪೈಲರ್ ಅನ್ನೋ ಲಿನಕ್ಸ್ ಅನ್ನೋ ದೂರಿದರು, ಏಕೆಂದರೆ ಅದೇ ಯಂತ್ರದಲ್ಲಿ ವಿಂಡೋಸ್ ಸರಾಗವಾಗಿ ನಡೆಯುತ್ತಿತ್ತು. ನೆದರ್‌ಲ್ಯಾಂಡ್ಸ್‌ನ ರೋಜಿಯರ್ ವೊಲ್ಫ್ ಈ ಕುರಿತ ಪ್ರಶ್ನೋತ್ತರಗಳನ್ನು ಕಲೆಹಾಕಿ ತೋರಿಸಿಕೊಟ್ಟಂತೆ, ಅಪರಾಧಿ ಬಹುಮಟ್ಟಿಗೆ ಯಂತ್ರವೇ ಆಗಿತ್ತು: ಕೆಟ್ಟ ಮೆಮೊರಿ ಚಿಪ್ಪುಗಳು, ನಿಧಾನವಾದ ಕ್ಯಾಶ್, ಮಿತಿಮೀರಿದ ವೇಗದಲ್ಲಿ ಓಡಿಸಿದ ಪ್ರೊಸೆಸರ್, ಸಾಲದ ತಂಪು. ಕಂಪೈಲರ್ ತನ್ನ ಮೆಮೊರಿಯ ತುಂಬ ವಿಳಾಸಗಳ ಜಾಲವನ್ನೇ ಹೆಣೆದುಕೊಳ್ಳುವುದರಿಂದ ಒಂದು ಬಿಟ್ ಮಗುಚಿದರೂ ಅದು ಅಸಂಬದ್ಧ ವಿಳಾಸಕ್ಕೆ ಕೈಚಾಚುತ್ತದೆ. ಚಿತ್ರದ ಒಂದು ಚುಕ್ಕೆಯ ಬಣ್ಣ ಬದಲಾದರೆ ಮಾತ್ರ ಯಾರಿಗೂ ತಿಳಿಯುವುದಿಲ್ಲ. ಇದರಿಂದ ಹುಟ್ಟಿದ ಪರೀಕ್ಷೆ ಸರಳವೂ ಚತುರವೂ ಆಗಿದೆ: ಮೇಕ್ ಆದೇಶವನ್ನು ಮತ್ತೆ ಕೊಟ್ಟಾಗ ಕೆಲಸ ನಿಂತ ಜಾಗವನ್ನು ದಾಟಿ ಮುಂದೆ ಇನ್ನೆಲ್ಲೋ ನಿಂತರೆ ದೋಷ ಯಂತ್ರದ್ದು, ಪ್ರತಿಸಲವೂ ಅದೇ ಸಾಲಿನಲ್ಲಿ ನಿಂತರೆ ಆಕರದ್ದು ಅಥವಾ ಕಂಪೈಲರಿನದು. 1997ರಲ್ಲಿ ಎಎಂಡಿಯ ಕೆ6 ಪ್ರೊಸೆಸರ್‌ನ ಆರಂಭಿಕ ಚಿಪ್ಪುಗಳಲ್ಲಿದ್ದ ದೋಷವೊಂದು ಕರ್ನಲ್ ಕಟ್ಟುವವರ ಕೈಯಲ್ಲಿಯೇ ಸಿಕ್ಕಿಬಿತ್ತು. ಎರಡು ದಶಕಗಳ ಅನಂತರ, 2017ರಲ್ಲಿ, ಅದೇ ಕಂಪನಿಯ ರೈಜ಼ನ್ ಪ್ರೊಸೆಸರ್‌ಗಳು ಹಲವು ಕಂಪೈಲ್‌ಗಳನ್ನು ಏಕಕಾಲದಲ್ಲಿ ನಡೆಸುವಾಗ ಕುಸಿಯುತ್ತವೆಂಬುದೂ ಲಿನಕ್ಸ್ ಬಳಕೆದಾರರಿಂದಲೇ ಬಯಲಾಗಿ, ಕಂಪನಿ ಅದನ್ನು ಒಪ್ಪಿಕೊಂಡು ಚಿಪ್ಪುಗಳನ್ನು ಬದಲಿಸಿಕೊಟ್ಟಿತು.

ಕಂಪೈಲರ್ ಮತ್ತು ಕರ್ನಲ್‌ಗಳ ನಡುವಿನ ಜಗಳ ಇದಕ್ಕಿಂತ ಸಂಕೀರ್ಣವಾದುದು. ಕರ್ನಲ್ ಶುದ್ಧ ಸಿ ಭಾಷೆಯಲ್ಲಿ ಬರೆದದ್ದಲ್ಲ. ಜಿಸಿಸಿಯ ವಿಶೇಷ ಸೌಲಭ್ಯಗಳನ್ನು, ಸಿ ನಡುವೆ ತುರುಕಿದ ಅಸೆಂಬ್ಲಿ ಆದೇಶಗಳನ್ನು, ಕೆಲವೊಮ್ಮೆ ನಿರ್ದಿಷ್ಟ ಆವೃತ್ತಿಯೊಂದರ ನಡವಳಿಕೆಯನ್ನೇ ಅದು ನೆಚ್ಚಿಕೊಂಡಿತ್ತು. ಲಿನಕ್ಸ್ 2.0ರ ಕಾಲದಲ್ಲಿ ಜಿಸಿಸಿ 2.7.2 ವಿಶ್ವಾಸಾರ್ಹವೆನಿಸಿದ್ದು, ಅದಕ್ಕಿಂತ ಹೊಸ ಕಂಪೈಲರ್ ಬಳಸಿದವರ ಕರ್ನಲ್ ಕಟ್ಟುವಾಗಲೋ ನಡೆಯುವಾಗಲೋ ಕೆಡುತ್ತಿತ್ತು. 2000ರಲ್ಲಿ, ಕರ್ನಲ್ ಮತ್ತು ಉಪಕರಣಗಳನ್ನು ಒಟ್ಟಾಗಿ ಕಟ್ಟಿಕೊಡುವ ವಿತರಣೆಗಳಲ್ಲೊಂದಾದ ರೆಡ್‌ಹ್ಯಾಟ್ ಲಿನಕ್ಸ್ 7.0, ಜಿಸಿಸಿಯ ನಿರ್ಮಾಪಕರು ಅಧಿಕೃತವಾಗಿ ಬಿಡುಗಡೆ ಮಾಡಿರದ ಬೆಳವಣಿಗೆಯ ಹಂತದ ಪ್ರತಿಯನ್ನು 2.96 ಎಂಬ ಸಂಖ್ಯೆ ಕೊಟ್ಟು ಸೇರಿಸಿತು. ಅದರಿಂದ ಆಗಿನ ಕರ್ನಲ್ ಸರಿಯಾಗಿ ಕಟ್ಟಲಾಗದೆ, ಕರ್ನಲ್‌ಗೆಂದೇ ಕೆಜಿಸಿಸಿ ಎಂಬ ಹೆಸರಿನಲ್ಲಿ ಹಳೆಯ ಕಂಪೈಲರ್ ಒಂದನ್ನು ಜೊತೆಗೆ ಕೊಡಬೇಕಾಯಿತು. ಒಂದೇ ಯಂತ್ರದಲ್ಲಿ ಎಲ್ಲಕ್ಕೂ ಒಂದು, ಕರ್ನಲ್‌ಗೆ ಮತ್ತೊಂದು ಎಂಬ ಈ ಏರ್ಪಾಡು ಹೊಸಬರನ್ನು ಎಷ್ಟು ಗೊಂದಲಕ್ಕೆ ಕೆಡವಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ದೋಷಸಂದೇಶವಿಲ್ಲದೆ ಮುಗಿದ ಕಟ್ಟುವಿಕೆ ಸರಿಯಾದ ಕಟ್ಟುವಿಕೆಯೆಂದು ಹೇಳುವಂತಿಲ್ಲ ಎಂಬುದಕ್ಕೆ 2009ರ ಒಂದು ಘಟನೆ ಸಾಕ್ಷಿ. ಜಾಲಸಂಪರ್ಕಕ್ಕೆ ಬಳಸುವ ಟನ್ ಎಂಬ ಡ್ರೈವರಿನಲ್ಲಿ ಒಂದು ಪಾಯಿಂಟರ್, ಅಂದರೆ ಮೆಮೊರಿ ವಿಳಾಸವನ್ನು ಹಿಡಿದಿಡುವ ಚರ, ಮೊದಲು ಬಳಕೆಯಾಗಿ, ಅದು ಶೂನ್ಯವೇ ಎಂಬ ಪರೀಕ್ಷೆ ಆಮೇಲೆ ಬಂದಿತ್ತು. ಬಳಸಿಯಾದ ಮೇಲೆ ಅದು ಶೂನ್ಯವಾಗಿರಲು ಸಾಧ್ಯವಿಲ್ಲವೆಂದು ತರ್ಕಿಸಿದ ಜಿಸಿಸಿ, ಭಾಷೆಯ ನಿಯಮಕ್ಕೆ ಸರಿಯಾಗಿಯೇ, ಆ ಪರೀಕ್ಷೆಯನ್ನು ಕಿತ್ತುಹಾಕಿತು. ದಾಳಿಕೋರರಿಗೆ ಬಾಗಿಲು ತೆರೆಯಿತು. ಆಕರವನ್ನು ಓದಿದವರಿಗೆ ಪರೀಕ್ಷೆ ಕಾಣುತ್ತಿತ್ತು, ಕಟ್ಟಿದ ಕರ್ನಲ್‌ನಲ್ಲಿ ಅದು ಇರಲೇ ಇಲ್ಲ. ಅಂಥ ಪರೀಕ್ಷೆಗಳನ್ನು ಅಳಿಸಬಾರದೆಂದು ಕಂಪೈಲರಿಗೆ ಹೇಳುವ ಆಯ್ಕೆಯನ್ನು ಆ ವರ್ಷವೇ ಕರ್ನಲ್‌ನ ಮೇಕ್‌ಫೈಲ್‌ಗೆ ಸೇರಿಸಲಾಯಿತು.

ಕಟ್ಟಿದ ಮೇಲೆ ಯಂತ್ರ ಏಳುವ ಹಂತದ ತೊಡಕುಗಳದ್ದು ಬೇರೆಯೇ ಒಂದು ಅಧ್ಯಾಯ. ವರ್ನರ್ ಆಲ್ಮೆಸ್‌ಬರ್ಗರ್ ಬರೆದ ಲಿಲೋ ಎಂಬ ಬೂಟ್ ಲೋಡರ್‌ಗೆ ಫೈಲ್ ಸಿಸ್ಟಮ್ ಓದಲು ಬರುತ್ತಿರಲಿಲ್ಲ. ಕರ್ನಲ್ ಕಡತ ಡಿಸ್ಕಿನ ಯಾವ ಯಾವ ತುಂಡುಗಳಲ್ಲಿದೆ ಎಂಬ ಪಟ್ಟಿಯನ್ನಷ್ಟೇ ಅದು ಬರೆದಿಟ್ಟುಕೊಳ್ಳುತ್ತಿತ್ತು. ಹೊಸ ಕರ್ನಲ್ ನಕಲಿಸಿ ಲಿಲೋವನ್ನು ಮತ್ತೆ ನಡೆಸಲು ಮರೆತರೆ ಪಟ್ಟಿ ಸುಳ್ಳಾಗುತ್ತಿತ್ತು. ಪರದೆಯ ಮೇಲೆ ಅದು ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ಒಂದೊಂದು ಹಂತ ದಾಟಿದಂತೆ ಮುದ್ರಿಸುತ್ತಿದ್ದುದರಿಂದ, ಎಷ್ಟನೆಯ ಅಕ್ಷರದಲ್ಲಿ ನಿಂತಿತು ಎಂಬುದೇ ರೋಗಲಕ್ಷಣವಾಗಿ ಬಳಕೆಗೆ ಬಂದಿತು. ಇದನ್ನು ದಾಟಿದವರಿಗೆ ಕಾದಿರುತ್ತಿದ್ದುದು, ಮೂಲ ಫೈಲ್ ಸಿಸ್ಟಮ್ ಅನ್ನು ಜೋಡಿಸಲಾಗಲಿಲ್ಲವೆಂದು ಸಾರಿ ಕರ್ನಲ್ ಕೈಚೆಲ್ಲುವ ಸ್ಥಿತಿ, ಅಂದರೆ ಕರ್ನಲ್ ಪ್ಯಾನಿಕ್. ಡಿಸ್ಕ್ ನಿಯಂತ್ರಕದ ಡ್ರೈವರ್ ಅನ್ನು ಮಾಡ್ಯೂಲ್ ಆಗಿ ಕಟ್ಟಿ ಅದೇ ಡಿಸ್ಕಿನಲ್ಲಿ ಇಟ್ಟರೆ, ಡಿಸ್ಕ್ ಓದಲು ಮಾಡ್ಯೂಲ್ ಬೇಕು, ಮಾಡ್ಯೂಲ್ ಪಡೆಯಲು ಡಿಸ್ಕ್ ಓದಬೇಕು. ಕರ್ನಲ್ ಜೊತೆಗೇ ಮೆಮೊರಿಗೆ ಬರುವ ಪುಟ್ಟ ತಾತ್ಕಾಲಿಕ ಫೈಲ್ ಸಿಸ್ಟಮ್ ಆದ ಇನಿಟ್‌ಆರ್‌ಡಿ 1996ರಲ್ಲಿ ಈ ಬಿಕ್ಕಟ್ಟಿಗೆ ಪರಿಹಾರವಾಗಿ ಬಂದಿತಾದರೂ, ಸ್ವತಃ ಕಟ್ಟುವವರು ಅದನ್ನು ಸಿದ್ಧಪಡಿಸಲು ಮರೆಯುವುದೂ ಅಷ್ಟೇ ಸಾಮಾನ್ಯವಾಯಿತು. ಹಳೆಯ ಕರ್ನಲ್ ಅನ್ನು ಅಳಿಸದೆ ಬೂಟ್ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕೆಂಬ ನಿಯಮ ಈ ಅನುಭವಗಳ ಫಲ.

ಆಯ್ಕೆಗಳ ವ್ಯವಸ್ಥೆಯ ಸುಧಾರಣೆ ಸುಲಭವಾಗಿ ಆಗಲಿಲ್ಲ. ಹಳೆಯ ಏರ್ಪಾಡಿನಲ್ಲಿ ಪ್ರಶ್ನೋತ್ತರಕ್ಕೆ, ಮೆನುವಿಗೆ, ಚಿತ್ರರೂಪದ ಪರದೆಗೆ ಒಂದೊಂದು ಬೇರೆ ಪ್ರೋಗ್ರಾಮ್ ಇದ್ದು, ಒಂದೇ ನಿಯಮವನ್ನು ಮೂರೂ ಮೂರು ರೀತಿಯಲ್ಲಿ ಓದಬಹುದಾಗಿತ್ತು. ಎರಿಕ್ ರೇಮಂಡ್ ರೂಪಿಸಿದ ಸಿಎಂಎಲ್2 ಇದಕ್ಕೆ ಸಮಗ್ರ ಪರಿಹಾರವೆನಿಸಿದರೂ, ಪೈಥಾನ್ ಭಾಷೆಯನ್ನು ಅನಿವಾರ್ಯ ಮಾಡಿದ್ದರಿಂದಲೂ ಎಲ್ಲವನ್ನೂ ಒಮ್ಮೆಗೇ ಬದಲಿಸಲು ಹೊರಟಿದ್ದರಿಂದಲೂ ತಿರಸ್ಕೃತವಾಯಿತು. ರೋಮನ್ ಜಿಪ್ಪೆಲ್ ಸಿ ಭಾಷೆಯಲ್ಲಿ ಬರೆದ ಕೆಕಾನ್ಫಿಗ್ 2002ರ ಅಕ್ಟೋಬರಿನಲ್ಲಿ 2.5.45ಕ್ಕೆ ಸೇರಿತು. ಅದು ತಂದ ತೊಡಕೂ ಒಂದಿದೆ: ಒಂದು ಆಯ್ಕೆ ಮತ್ತೊಂದನ್ನು ಬಲವಂತವಾಗಿ ಆರಿಸುವ ಸೆಲೆಕ್ಟ್ ನಿಯಮ, ಹಾಗೆ ಆರಿಸಲಾದುದಕ್ಕೆ ಬೇಕಾದ ಆಧಾರಗಳು ಇವೆಯೇ ಎಂದು ನೋಡುವುದಿಲ್ಲವಾದ್ದರಿಂದ, ಮೆನುವಿನಲ್ಲಿ ಎಲ್ಲವೂ ಸುಸಂಗತವಾಗಿ ಕಂಡು, ಲಿಂಕರ್ ಹಂತದಲ್ಲಿ ಯಾವುದೋ ಹೆಸರು ಸಿಗಲಿಲ್ಲವೆಂದು ಕೆಲಸ ನಿಲ್ಲಬಹುದು. 2003ರ ಡಿಸೆಂಬರಿನ 2.6ರಲ್ಲಿ ಮೇಕ್ ಡೆಪ್‌ನ ಅಗತ್ಯ ತಪ್ಪಿತು. ಪರದೆ ತುಂಬ ಹರಿಯುತ್ತಿದ್ದ ಉದ್ದುದ್ದ ಆದೇಶಗಳ ಜಾಗದಲ್ಲಿ ಕಡತದ ಹೆಸರಷ್ಟೇ ಇರುವ ಚಿಕ್ಕ ಸಾಲುಗಳು ಬಂದುವು.

ಭಾರತದಲ್ಲಿ ಈ ಪದ್ಧತಿ ಹಬ್ಬಿದ್ದು ಸಿಡಿಗಳ ಮೂಲಕ. ದೂರವಾಣಿ ಮೋಡೆಮ್‌ನಲ್ಲಿ ಕರ್ನಲ್‌ನ ಆಕರವನ್ನು ಇಳಿಸಿಕೊಳ್ಳುವುದು ಗಂಟೆಗಟ್ಟಲೆಯ ಖರ್ಚಿನ ಕೆಲಸವಾಗಿದ್ದಾಗ, ಪಿಸಿ ಕ್ವೆಸ್ಟ್ ಪತ್ರಿಕೆ 1996ರಿಂದ ಲಿನಕ್ಸ್ ಸಿಡಿಗಳನ್ನು ಓದುಗರಿಗೆ ಹಂಚಿತು. ಆ ಪ್ರಯತ್ನದ ಹಿಂದಿದ್ದವರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಪ್ರಮುಖರು. 2001ರಿಂದ ಬೆಂಗಳೂರಿನಲ್ಲಿ ನಡೆದ ಲಿನಕ್ಸ್ ಸಮ್ಮೇಳನಗಳ ಹಿಂದೆಯೂ ಅವರಿದ್ದರು. ಕಟ್ಟುವುದಕ್ಕಿಂತ ಮುಂದಿನ ಹಂತವಾದ ದೋಷಶೋಧನೆಗೆ ಬೆಂಗಳೂರಿನ ಕೊಡುಗೆ ಗಣ್ಯವಾದುದು: ನಡೆಯುತ್ತಿರುವ ಕರ್ನಲ್‌ನೊಳಗೆ ಮತ್ತೆ ಕಟ್ಟದೆಯೇ ತನಿಖೆಯ ಬಿಂದುಗಳನ್ನು ನೆಡುವ ಕೆಪ್ರೋಬ್ಸ್, ಕರ್ನಲ್ ಕುಸಿದಾಗ ಮೀಸಲಿಟ್ಟ ಇನ್ನೊಂದು ಕರ್ನಲ್ ಎದ್ದು ಮೊದಲನೆಯದರ ಮೆಮೊರಿಯನ್ನು ಉಳಿಸಿಕೊಡುವ ಕೆಡಂಪ್, ಈ ಎರಡರ ಬೆಳವಣಿಗೆಯಲ್ಲಿಯೂ ಐಬಿಎಂನ ಬೆಂಗಳೂರಿನ ಲಿನಕ್ಸ್ ಕೇಂದ್ರದ ಎಂಜಿನಿಯರರು ಮುಖ್ಯ ಪಾತ್ರ ವಹಿಸಿದರು. ಮೊದಲನೆಯದು 2004ರಲ್ಲಿ, ಎರಡನೆಯದು 2005ರಲ್ಲಿ ಮುಖ್ಯ ಕರ್ನಲ್‌ಗೆ ಸೇರಿದುವು.

ವಿತರಕರು ಎಲ್ಲ ಡ್ರೈವರ್‌ಗಳನ್ನೂ ಮಾಡ್ಯೂಲ್‌ಗಳಾಗಿ ಕಟ್ಟಿಕೊಟ್ಟು, ಬೇಕಾದುದನ್ನು ಯಂತ್ರವೇ ಗುರುತಿಸಿ ತುಂಬಿಸಿಕೊಳ್ಳುವಂತಾದ ಮೇಲೆ, ಸಾಮಾನ್ಯ ಬಳಕೆದಾರರಿಗೆ ಕರ್ನಲ್ ಕಟ್ಟುವ ಅಗತ್ಯ ತೀರಿತು. ಈಗ ಕಟ್ಟುವವರಿಗೆ ಎದುರಾಗುವ ತೊಡಕುಗಳ ಸ್ವರೂಪ ಬೇರೆ. ಕರ್ನಲ್ 4.14ರಿಂದಾಚೆಗೆ 64 ಬಿಟ್ ಪಿಸಿಗಳಲ್ಲಿ ಎಲ್ಫ್ ಎಂಬ ಕಡತ ರೂಪವನ್ನು ಓದುವ ಲೈಬ್ರರಿಯ ಅಭಿವೃದ್ಧಿ ಕಡತಗಳು ಇಲ್ಲದೆ ಕೆಲಸ ಮೊದಲ ನಿಮಿಷದಲ್ಲೇ ನಿಲ್ಲಬಹುದು. ಡೆಬಿಯನ್ ಅಥವಾ ಉಬುಂಟು ವಿತರಣೆಯ ಆಯ್ಕೆಗಳ ಕಡತವನ್ನು ನಕಲಿಸಿಕೊಂಡವರಿಗೆ, ವಿತರಕರ ಬಳಿ ಮಾತ್ರ ಇರುವ ಪ್ರಮಾಣಪತ್ರದ ಕಡತವನ್ನು ತಯಾರಿಸುವ ನಿಯಮವಿಲ್ಲವೆಂಬ ದೋಷ ಬರುತ್ತದೆ. ಆ ಆಯ್ಕೆಯನ್ನು ಖಾಲಿ ಮಾಡುವುದೇ ಅದಕ್ಕೆ ಪರಿಹಾರ. ಹಲವು ಪ್ರೊಸೆಸರ್‌ಗಳಲ್ಲಿ ಏಕಕಾಲಕ್ಕೆ ಕಟ್ಟುವಾಗ ನಿಜವಾದ ದೋಷದ ಸಾಲು ನೂರಾರು ಸಾಲುಗಳಷ್ಟು ಮೇಲೆ ಸರಿದುಹೋಗಿ, ಕೊನೆಯಲ್ಲಿ ಮೇಕ್ ಕೈಬಿಟ್ಟಿತೆಂಬ ಅರ್ಥಹೀನ ಸಾಲು ಮಾತ್ರ ಉಳಿಯುವುದರಿಂದ, ಒಂದೇ ಪ್ರೊಸೆಸರ್‌ನಲ್ಲಿ ಮತ್ತೆ ನಡೆಸಿ ಮೊದಲ ದೋಷವನ್ನು ಹುಡುಕುವುದು ಅನುಭವಿಗಳ ಕ್ರಮವಾಗಿದೆ.

ದೋಷ ಹುಡುಕುವ ಕೆಲಸವೇ ಯಂತ್ರಗಳ ಪಾಲಾದದ್ದು ಇತ್ತೀಚಿನ ಬದಲಾವಣೆ. 2005ರಲ್ಲಿ ಟೊರ್ವಾಲ್ಡ್ಸ್ ರಚಿಸಿದ, ಆಕರದ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಬೈಸೆಕ್ಟ್ ಆದೇಶ, ಕೆಲಸ ಮಾಡಿದ ಮತ್ತು ಕೆಟ್ಟ ಎರಡು ಸ್ಥಿತಿಗಳ ನಡುವಿನ ಬದಲಾವಣೆಗಳನ್ನು ಅರ್ಧರ್ಧವಾಗಿ ಸೀಳುತ್ತ ಹೋಗಿ, ಸಾವಿರ ಬದಲಾವಣೆಗಳಲ್ಲಿ ತಪ್ಪಿತಸ್ಥವಾದುದನ್ನು ಹತ್ತು ಹೆಜ್ಜೆಗಳಲ್ಲಿ ಹಿಡಿಯುತ್ತದೆ. 2008ರಿಂದ ಸ್ಟೀಫನ್ ರಾತ್‌ವೆಲ್ ಆಸ್ಟ್ರೇಲಿಯದಿಂದ ನಡೆಸಿಕೊಂಡು ಬಂದ ಲಿನಕ್ಸ್-ನೆಕ್ಸ್ಟ್, ಬೇರೆ ಬೇರೆ ಉಪವಿಭಾಗಗಳ ಹೊಸ ಆಕರವನ್ನು ಮುಂಚಿತವಾಗಿಯೇ ಒಟ್ಟುಗೂಡಿಸಿ ಕಟ್ಟಿ ನೋಡುವ ಏರ್ಪಾಡು. ಇಂಟೆಲ್ ನಡೆಸುವ ಪರೀಕ್ಷಾ ಯಂತ್ರಗಳು ಆಯ್ಕೆಗಳನ್ನು ಯಾದೃಚ್ಛಿಕವಾಗಿ ಕಲಸಿ, ಯಾವ ಮನುಷ್ಯನೂ ಆರಿಸದ ಸಂಯೋಜನೆಗಳಲ್ಲಿ ಕರ್ನಲ್ ಕಟ್ಟಿ, ಕೆಟ್ಟದ್ದನ್ನು ಲೇಖಕರಿಗೆ ತಾವೇ ವರದಿ ಮಾಡುತ್ತವೆ.

ಆದರೂ ಆಕರಕ್ಕೂ ಅದರ ಸುತ್ತಲಿನ ಉಪಕರಣಗಳಿಗೂ ನಡುವಿನ ಸಂದುಗಳು ಮುಚ್ಚಿಹೋಗಿಲ್ಲ. 2021ರ 5.15ರಲ್ಲಿ ಕನಿಷ್ಠ ಜಿಸಿಸಿ 5.1ಕ್ಕೆ ಏರಿತು; 2022ರ ಡಿಸೆಂಬರಿನ 6.1 ರಸ್ಟ್ ಭಾಷೆಗೆ ಅವಕಾಶ ಕೊಟ್ಟಿದ್ದರಿಂದ ಎರಡನೆಯ ಕಂಪೈಲರಿನ ಹೊಂದಾಣಿಕೆಯ ಪ್ರಶ್ನೆಯೂ ಸೇರಿಕೊಂಡಿತು. ಯಾವ ಉಪಕರಣದ ಯಾವ ಆವೃತ್ತಿ ಬೇಕೆಂಬ ಪಟ್ಟಿ ಕರ್ನಲ್ ಆಕರದ ದಾಖಲೆಗಳ ಭಾಗದಲ್ಲಿ ಚೇಂಜಸ್ ಎಂಬ ಕಡತದಲ್ಲಿದೆ. 1990ರ ದಶಕದಿಂದಲೂ ಆಕರದ ಜೊತೆಗೇ ಬರುತ್ತಿರುವ ಆ ಕಡತವನ್ನು, ಕರ್ನಲ್ ಕಟ್ಟಲು ಹೊರಡುವವರು ಮೇಕ್ ಆದೇಶ ಕೊಡುವ ಮೊದಲೇ ಓದಿಕೊಳ್ಳುವುದು ಒಳಿತು.